ಅಕ್ಕನ ಬಿಪಿ ಮಾತ್ರೆ ಮತ್ತು ನನ್ನ ಬಿ.ಎ.

ನನಗೊಂದು ಚಾಳಿಯಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಲ್ಲಿ ಸಹಿ ಹಾಕಿದರೂ ಪಕ್ಕದಲ್ಲಿ ಬಿ.ಎ. ಎಂದು ಸೇರಿಸುತ್ತೇನೆ. ಕುಕ್ಕರಿನ ಗ್ಯಾರಂಟಿ ಕಾರ್ಡಿನಲ್ಲಿ, ಮಗಳ ಪ್ರೋಗ್ರೆಸ್ ಕಾರ್ಡಿನಲ್ಲಿ, ಕೊರಿಯರ್‌ನವನು ಚಾಚುವ ಹಾಳೆಯಲ್ಲಿ ಕೂಡ. ನಗುವವರು ನಗಲಿ. ಭದ್ರಾವತಿ ಓಲ್ಡ್ ಟೌನಿನ ನಮ್ಮ ವಠಾರದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ಹತ್ತಿಸಿದವಳು ಅಕ್ಕ. ಅಪ್ಪ ಹೋದ ಮೇಲೆ ಅವಳು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಮಾರ್ಕೆಟ್ಟಿನಲ್ಲಿ ಹೂ ಕಟ್ಟಲು ಕೂತಳು, ನಾನು ಓದಿದೆ. ಹಾಗಾಗಿ ಆ ಎರಡಕ್ಷರದಲ್ಲಿ ಅರ್ಧ ಅವಳದ್ದೇ. ಅದಕ್ಕೇ ಅವಳ ಅರ್ಜಿಗಳನ್ನೆಲ್ಲ ನಾನೇ ಬರೆಯುವುದು. ವಿಳಾಸ ಅಂತಿರುವ ಕಡೆ ಶಿವಮೊಗ್ಗ ಹೊಸಮನೆಯ ನನ್ನ ವಿಳಾಸ, ಫೋನ್ ಅಂತಿರುವ ಕಡೆ ನನ್ನ ನಂಬರು. ಕಾಗದ ಬಂದರೆ ಓದುವವರು ಬೇಕಲ್ಲ? ಅಕ್ಕ "ಎಲ್ಲೇ ಒತ್ಲಿ?" ಅನ್ನುತ್ತಾಳೆ. ನಾನು ಬೆರಳಿಟ್ಟು ತೋರಿಸುತ್ತೇನೆ. ಅವಳು ಹೆಬ್ಬೆಟ್ಟು ಒತ್ತುತ್ತಾಳೆ.

ಹೋದ ತಿಂಗಳು ಓಲ್ಡ್ ಟೌನಿಗೆ ಹೋದಾಗ ನೋಡಿದರೆ ಅಕ್ಕನ ಮುಖ ಊದಿಕೊಂಡಿದೆ, ಎದ್ದು ನಿಲ್ಲಲು ಅಂಗಡಿಯ ಕಂಬ ಹಿಡಿಯುತ್ತಿದ್ದಾಳೆ. ಅವಳಿಗೆ ಬಿಪಿ ಇರುವುದು ಹೊಸದಲ್ಲ. "ಮಾತ್ರೆ ತಗೊಳ್ತಿದ್ದೀಯಾ ಅಕ್ಕಾ?" ಅಂದೆ.

"ತಗೊಳ್ತೀನಿ ಕಣೆ. ದಿನ ಬಿಟ್ಟು ದಿನ. ಸೆಲ್ವಿ ಹತ್ರ ಇದ್ದಾಗ."

ಸೆಲ್ವಿ ಪಕ್ಕದ ಮನೆಯವಳು, ಅವಳಿಗೂ ಬಿಪಿ. ಹೆಪ್ಪಿಗೆ ಒಂದು ಚಮಚ ಮೊಸರು ಇಸ್ಕೊಂಡ ಹಾಗೆ ಇವಳು ಅಲ್ಲಿಂದ ಮಾತ್ರೆ ಇಸ್ಕೊಳ್ಳುತ್ತಿದ್ದಾಳೆ! "ಇಲ್ಲೇ ಹಿಂದಿನ ರಸ್ತೆಯಲ್ಲಿ ಕ್ಲಿನಿಕ್ ಇದೆಯಲ್ಲೇ?"

"ಎರಡು ಸಲ ಹಾಗೇ ಕೊಟ್ರು. ಇನ್ಮೇಲೆ ನಿನ್ನ ಹೆಸ್ರು ಇಲ್ಲಿಲ್ಲ, ಕಂಪ್ಯೂಟ್ರು ಒಪ್ಪಲ್ಲ ಅಂದ್ರು. ಹೋಗ್ಲಿ ಬಿಡು ಮಾರಾಯ್ತಿ, ನಿಂಗ್ಯಾಕೆ ತೊಂದ್ರೆ."

ನನಗೆ ಬಂದ ಸಿಟ್ಟಿಗೆ ಆಗ ಯಾರಾದರೂ ನನ್ನ ಬಿಪಿ ನೋಡಿದ್ದರೆ ಆ ಯಂತ್ರವೇ ಒಡೆಯುತ್ತಿತ್ತು. ನಮ್ಮ ಸರ್ಕಾರಗಳಿಗೆ ಎದೆ ಕೊಯ್ಯಿಸಿಕೊಳ್ಳುವವರ ಮೇಲೆ ಬಲು ಪ್ರೀತಿ. ಬಿದ್ದು ಆಸ್ಪತ್ರೆ ಸೇರಿದರೆ ಕಾರ್ಡಿದೆ, ಕಾರ್ಡಿಗೆ ಫೋಟೊ ಇದೆ, ಫೋಟೊದಲ್ಲಿ ನಗುವ ಸಾಹೇಬರಿದ್ದಾರೆ. ಬೀಳದೆ ಇರಲು ದಿನಕ್ಕೊಂದು ಚಿಕ್ಕ ಮಾತ್ರೆ ಬೇಕು ಅಂದರೆ ಕಂಪ್ಯೂಟರು ಒಪ್ಪುವುದಿಲ್ಲ! ಎಷ್ಟೋ ದೇಶಗಳು ಮೊದಲು ಬೀದಿಯ ಸಣ್ಣ ದವಾಖಾನೆಯನ್ನೇ ಗಟ್ಟಿ ಮಾಡಿಕೊಂಡವಂತೆ. ಪ್ರತಿ ಮನೆಗೂ ಗುರುತಿನ ಒಬ್ಬ ಡಾಕ್ಟರು, ಒಬ್ಬ ನರ್ಸು. ಕಾಯಿಲೆ ಚಿಕ್ಕದಿರುವಾಗಲೇ ಹಿಡಿದರೆ ಬೊಕ್ಕಸ ಬರಿದಾಗದೆ ಎಲ್ಲರಿಗೂ ಔಷಧಿ ಸಿಗುತ್ತದೆ ಅಂತ ಪೇಪರಿನಲ್ಲಿ ಓದಿದ್ದೆ. ನಮ್ಮಲ್ಲೂ ಹಾಗೇ ಮಾಡುತ್ತೇವೆ, ಮನೆಗೊಂದು ಕ್ಲಿನಿಕ್ ಗೊತ್ತು ಮಾಡುತ್ತೇವೆ ಅಂತ ಸರ್ಕಾರ ಅರ್ಜಿ ಹಂಚಿದಾಗ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಎಲ್ಲರಿಗೂ ಭಾಷಣ ಬಿಗಿದಿದ್ದೆ. ಈಗ ನೋಡಿದರೆ, ಕ್ಲಿನಿಕ್ಕಿನ ಹಿಂದಿನ ರಸ್ತೆಯಲ್ಲೇ ಕೂತು ಹೂ ಕಟ್ಟುವವಳ ಹೆಸರು ಆ ಕ್ಲಿನಿಕ್ಕಿನಲ್ಲಿಲ್ಲ.

ಅಕ್ಕನ ಕೈ ಹಿಡಿದುಕೊಂಡು ಅಲ್ಲಿಗೇ ನುಗ್ಗಿದೆ. ಮೇಜಿನ ಹಿಂದೆ ಒಬ್ಬ ಸಿಸ್ಟರ್ ಇದ್ದರು. ಭಾಷಣವನ್ನು ಮತ್ತೊಮ್ಮೆ ಬಿಗಿದೆ, ದೇಶ ವಿದೇಶ ಸಮೇತ. ಅವರು ಪೂರ್ತಿ ಕೇಳಿಸಿಕೊಂಡರು. ಅಷ್ಟರಲ್ಲಿ ಅಕ್ಕನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿಯೂ ಆಗಿತ್ತು.

"ಜಾಸ್ತಿ ಇದೆ. ನೀವು ಹೇಳಿದ್ದೆಲ್ಲ ಸರಿ ಮೇಡಂ," ಎಂದು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. "ಆದ್ರೆ ಇವ್ರ ಮನೆ ಶಿವಮೊಗ್ಗ ಹೊಸಮನೆ ಅಂತಿದೆ. ಇವ್ರ ಮಾತ್ರೆ ತಿಂಗ್ಳು ತಿಂಗ್ಳೂ ಅಲ್ಲಿನ ಕ್ಲಿನಿಕ್ಕಲ್ಲಿ ಕಾಯ್ತಿದೆ. ಫೋನಿಗೆ ಮೆಸೇಜೂ ಬಂದಿರ್ಬೇಕು."

ಪರದೆಯ ಮೇಲೆ ಅರ್ಜಿಯ ಚಿತ್ರ. ಗುಂಡಗಿನ ಅಕ್ಷರ. ಕೆಳಗೆ ಅಕ್ಕನ ಹೆಬ್ಬೆಟ್ಟು, ಅದರ ಪಕ್ಕ 'ಅರ್ಜಿ ತುಂಬಿದವರು' ಎಂಬಲ್ಲಿ ನನ್ನ ಸಹಿ, ಬಿ.ಎ. ಫೋನ್ ತೆಗೆದು ನೋಡಿದೆ. ಸೀರೆ ಸೇಲಿನ ಮೆಸೇಜುಗಳ ನಡುವೆ ಅಕ್ಕನ ಹೆಸರಿನ ನಾಲ್ಕು ಮೆಸೇಜು, ಒಂದನ್ನೂ ತೆರೆದಿಲ್ಲ.

ಸೋಲೊಪ್ಪಲಿಲ್ಲ. "ಇಷ್ಟುದ್ದದ ಅರ್ಜಿಯಲ್ಲಿ 'ನೀವು ದಿನಾ ಎಲ್ಲಿರ್ತೀರಿ' ಅಂತ ಒಂದು ಕಡೆಯಾದ್ರೂ ಕೇಳಿದ್ದೀರಾ?" ಎಂದೆ.

"ವಿಳಾಸ ಅಂದ್ರೆ ಅದೇ ಅಲ್ವಾ ಮೇಡಂ?" ಎಂದರು ಸಿಸ್ಟರ್, ಪಾಪ, ನಗದೆ.

ಸದ್ಯಕ್ಕೆಂದು ಹತ್ತು ದಿನದ ಮಾತ್ರೆ ಕೊಟ್ಟರು. ಅಕ್ಕ ಅದನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತ, "ಮೊದ್ಲು ಸೆಲ್ವಿಗೆ ವಾಪಸ್ ಕೊಡ್ಬೇಕು" ಅಂದಳು. ಸಿಸ್ಟರೂ ನಾನೂ ಒಟ್ಟಿಗೇ "ಬೇಡ!" ಅಂದೆವು. ಆ ಹೊತ್ತು ನಾವಿಬ್ಬರೂ ಒಪ್ಪಿದ ಮಾತು ಅದೊಂದೇ. ಹೆಸರು ಈ ಕ್ಲಿನಿಕ್ಕಿಗೆ ಬದಲಾಗಲು ಮತ್ತೊಂದು ಅರ್ಜಿ ಬೇಕಿತ್ತು. ಇಷ್ಟು ವರ್ಷದಲ್ಲಿ ಮೊದಲ ಬಾರಿ ಕೇಳಿದೆ: "ವಿಳಾಸ ಏನಂತ ಬರೀಲಿ ಅಕ್ಕಾ?"

"ಸೆಲ್ವಿ ಮನೆ ಪಕ್ಕ ಅಂತ ಬರಿ. ಇಲ್ಲಿ ಯಾರನ್ನ ಕೇಳಿದ್ರೂ ತೋರಿಸ್ತಾರೆ."

ಹಾಗೇ ಬರೆದೆ. ಅವಳು ಹೆಬ್ಬೆಟ್ಟು ಒತ್ತಿದಳು. ನಾನು ಹೆಸರಷ್ಟೇ ಬರೆದು ಪೆನ್ನು ಮುಚ್ಚಿದೆ. ಅಕ್ಕ ಹಾಳೆಯನ್ನೇ ನೋಡುತ್ತಿದ್ದಳು. ಓದು ಬಾರದಿದ್ದರೂ ನನ್ನ ಸಹಿ ಎಷ್ಟು ಉದ್ದ ಅನ್ನುವುದು ಅವಳಿಗೆ ಗೊತ್ತು.

"ಕೊನೇಲಿ ಇನ್ನೇನೋ ಎರಡು ಹಾಕ್ತೀಯಲ್ಲೇ, ಅದನ್ನೂ ಹಾಕು," ಅಂದಳು. "ಅದಿಲ್ದಿದ್ರೆ ಇವ್ರು ಒಪ್ತಾರೋ ಇಲ್ವೋ."

ಹಾಕಿದೆ. ಅಷ್ಟು ಸಣ್ಣದಾಗಿ ಆ ಎರಡಕ್ಷರವನ್ನು ನಾನು ಯಾವತ್ತೂ ಬರೆದಿರಲಿಲ್ಲ.