ಸಾತವ್ವನನ್ನು ಬಾವಿಯಲ್ಲೇ ಬಿಟ್ಟ ನೋಟ್ಸಿಗೆ

ನಾಗಪುರ
ಜುಲೈ ೧೯೮೬

ಎಂ.ಎ. ಇಂಗ್ಲಿಷ್ ತರಗತಿಯ ಪರಮಪೂಜ್ಯ ನೋಟ್ಸ್ ಅವರ ಹಳದಿ ಸನ್ನಿಧಾನಕ್ಕೆ,

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಮೂಲೆಗಳು ಪುಡಿಯಾಗುತ್ತಿವೆ, ಹೊಲಿದ ದಾರ ಸಡಿಲಾಗಿದೆ ಎಂಬ ಸುದ್ದಿ ಕಿವಿಗೆ ಬಿದ್ದಿದ್ದರೂ ತಮ್ಮಂಥ ಹಿರಿಯರ ಆರೋಗ್ಯವನ್ನು ಆಡಿಕೊಳ್ಳುವುದು ಮರ್ಯಾದಸ್ಥರ ಲಕ್ಷಣವಲ್ಲ. ಈ ಪತ್ರವನ್ನು ಬಹಿರಂಗವಾಗಿ ಬರೆಯಲು ಕಾರಣವೆಂದರೆ ತಮ್ಮ ಖಾಯಂ ವಿಳಾಸ ಯಾವುದೆಂದು ಯಾರಿಗೂ ತಿಳಿಯದಿರುವುದು: ಮೂಲಪ್ರತಿ ನಮ್ಮ ಪ್ರಾಧ್ಯಾಪಕ ಘಾಟೆ ಸರ್ ಅವರ ರೆಕ್ಸಿನ್ ಚೀಲದಲ್ಲಿದೆ, ಅದರ ನಕಲು ಸೀತಾಬರ್ಡಿಯ ಸೈಕ್ಲೋಸ್ಟೈಲ್ ಅಂಗಡಿಯಲ್ಲಿದೆ, ನಕಲಿನ ನಕಲು ಧರಮಪೇಠದಲ್ಲಿ ಬಾಡಿಗೆ ಕೋಣೆ ಹಿಡಿದಿರುವ ಪ್ರತಿಯೊಬ್ಬ ವಿದ್ಯಾರ್ಥಿಯ ದಿಂಬಿನ ಕೆಳಗಿದೆ. ಸರ್ವಾಂತರ್ಯಾಮಿಗೆ ಪತ್ರ ಹಾಕುವವರು ಅಂಚೆಯವನಿಗೆ ತೊಂದರೆ ಕೊಡಬಾರದು.

ನನ್ನ ಪರಿಚಯ ತಮಗಿರಲಾರದು. ನಾನು ತುಂಗಾ, ಇಲ್ಲಿನ ಆರ್ಡನೆನ್ಸ್ ಫ್ಯಾಕ್ಟರಿಯ ಫೋರ್‌ಮನ್ ರುದ್ರಪ್ಪನವರ ಮಗಳು. ಗದಗಿನ ಕಡೆಯಿಂದ ಈ ಕೆಲಸಕ್ಕೆಂದು ಬಂದು ಹದಿನಾರು ವರ್ಷವಾಯಿತು. ನಮ್ಮ ಕ್ವಾರ್ಟರ್ಸಿನ ಕನ್ನಡದ ಮಕ್ಕಳೆಲ್ಲ ಮರಾಠಿಯಲ್ಲಿ ಆಡಿ ಹಿಂದಿಯಲ್ಲಿ ಜಗಳವಾಡುತ್ತಾರೆ. ಕನ್ನಡದ ಅಕ್ಷರ ತೋರಿಸಿದರೆ ಜಿಲೇಬಿಯೇ ಎಂದು ಕೇಳುತ್ತಾರೆ. ನಾನು ಮಾತ್ರ ಕನ್ನಡ ಓದಬಲ್ಲೆ, ಏಕೆಂದರೆ ನನ್ನ ಅವ್ವ ಗೌರಮ್ಮ ತವರಿನಿಂದ ತಂದ ಒಂದೇ ಒಂದು ಕಾದಂಬರಿಯನ್ನು ಮುಂದಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ, ನನಗೆ ಓದು ಕಲಿಸಿದಳು. ಆ ಕಾದಂಬರಿಯೇ ಇಂಗ್ಲಿಷ್ ಅನುವಾದದ ಅಂಗಿ ತೊಟ್ಟು ನಮ್ಮ ಎಂ.ಎ.ಯ ಭಾರತೀಯ ಸಾಹಿತ್ಯದ ಪತ್ರಿಕೆಗೆ ಪಠ್ಯವಾಗಿ ಬಂದಾಗ ಅವ್ವ ಶ್ಯಾವಿಗೆ ಪಾಯಸ ಮಾಡಿದ್ದಳು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಾವು ಹೇಗೂ ಅದನ್ನು ತಪ್ಪಾಗಿಯೇ ಬರೆದಿದ್ದೀರಿ.

ತಮ್ಮ ಪಾಂಡಿತ್ಯದ ಬಗ್ಗೆ ಎರಡು ಮಾತು ಆಡದಿದ್ದರೆ ನಾಲಿಗೆ ಬಿದ್ದುಹೋದೀತು. ಏಪ್ರಿಲ್ ತಿಂಗಳಲ್ಲಿ, ಕೂಲರಿನ ನೀರು ಮುಗಿದು ಫ್ಯಾನು ಬಿಸಿಗಾಳಿ ಕಾರುವ ಕೋಣೆಯಲ್ಲಿ, ಇಂಗ್ಲೆಂಡಿನ ಹಿಮದ ಸೊಬಗನ್ನು ತಾವು ಹೇಳಿದಂತೆ ನಲವತ್ತೆರಡು ಮಂದಿ ಬೆವರೊರೆಸುತ್ತ ಬರೆದುಕೊಂಡಿದ್ದೇವೆ. ೧೯೬೭ರಲ್ಲಿ ಘಾಟೆ ಸರ್ ಒಂದು ದುರಂತ ನಾಟಕದ ಬಗ್ಗೆ ಡಿಕ್ಟೇಷನ್ ಕೊಡುತ್ತಿದ್ದಾಗ ಧೂಳುಗಾಳಿ ಎದ್ದು, ಅವರು ಒಬ್ಬ ವಿದ್ಯಾರ್ಥಿಗೆ “ಜೋಶಿ, ಕಿಟಕಿ ಮುಚ್ಚು” ಎಂದು ಇಂಗ್ಲಿಷಿನಲ್ಲಿ ಹೇಳಿದರಂತೆ. ಭಕ್ತರು ಅದನ್ನೂ ಬರೆದುಕೊಂಡರು, ಅದು ನಕಲಾಯಿತು, ಮುಂದೆ ಯಾರದೋ ಅಂದವಾದ ಪ್ರತಿಯೇ ಮೂಲಪ್ರತಿಯಾಗಿ ಸರ್ ಅವರ ಚೀಲ ಸೇರಿತು. ಅಂದಿನಿಂದ ಇಂದಿನವರೆಗೂ ನಾಯಕನ ಪತನವನ್ನು ವಿವರಿಸುವ ಪ್ರತಿಯೊಂದು ಉತ್ತರದ ನಡುವೆ ಜೋಶಿ ಕಿಟಕಿ ಮುಚ್ಚುತ್ತಲೇ ಇದ್ದಾನೆ. ನಾನೂ ಅದನ್ನು ಬರೆದು ಅಡಿಗೆರೆ ಎಳೆದಿದ್ದೆ, ಆ ಪತ್ರಿಕೆಯಲ್ಲಿ ನನಗೆ ಒಳ್ಳೆಯ ಅಂಕವೂ ಬಂತು.

ಇಷ್ಟಕ್ಕೆಲ್ಲ ನನ್ನ ತಕರಾರಿಲ್ಲ. ಹಿಮ ಅವರದು, ಕಿಟಕಿ ಜೋಶಿಯದು. ಆದರೆ ಸಾತವ್ವ ನಮ್ಮವಳು.

ನಮ್ಮ ಗ್ರಂಥಾಲಯದಲ್ಲಿ ಆ ಅನುವಾದದ ಪ್ರತಿ ಇರುವುದು ಒಂದೇ, ಅದರ ಕೊನೆಯ ಹದಿನಾರು ಪುಟಗಳನ್ನು ಗೆದ್ದಲು ತಿಂದಿದೆ. ಉಳಿದ ಕೊನೆಯ ಸಾಲಿನಲ್ಲಿ ಕಥಾನಾಯಕಿ ಸಾತವ್ವ ಸೀರೆಯನ್ನು ಎತ್ತಿ ಕಟ್ಟಿ ಬಾವಿಗೆ ಧುಮುಕುತ್ತಾಳೆ. ಬೇರೆ ಯಾರಾದರೂ ಆಗಿದ್ದರೆ ಮುಂದೇನಾಯಿತೆಂದು ಯಾರನ್ನಾದರೂ ಕೇಳುತ್ತಿದ್ದರು. ತಾವು ಕೇಳುವ ಕುಲದವರಲ್ಲವಾದ್ದರಿಂದ, ಅವಳು ಮುಳುಗಿ ಸತ್ತಳೆಂದೂ, ಅದು ಭಾರತೀಯ ಹೆಣ್ಣಿನ ಶತಮಾನಗಳ ಮೌನದ ಸಂಕೇತವೆಂದೂ, ಬಾವಿಯು ಗರ್ಭವೆಂದೂ ಗೋರಿಯೆಂದೂ ನಾಲ್ಕು ಪುಟ ದಯಪಾಲಿಸಿದಿರಿ. ಗೆದ್ದಲು ತಿಂದ ಜಾಗವನ್ನು ಸಾಂಕೇತಿಕತೆಯಿಂದ ತುಂಬಿದ ವಿಮರ್ಶಕರು ತಮ್ಮನ್ನು ಬಿಟ್ಟರೆ ಮತ್ತೊಬ್ಬರಿರಲಾರರು.

ಮಾನ್ಯರೇ, ಅವಳು ಧುಮುಕಿದ್ದು ಸಾಯಲಿಕ್ಕಲ್ಲ, ತಾಮ್ರದ ಕೊಡ ತೆಗೆಯಲಿಕ್ಕೆ. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯನ್ನು ಗೌಡರ ಮನೆಯವರು, ಗಂಡ ಸತ್ತವಳ ಕೈಗೆ ಕೊಡುವುದಿಲ್ಲ ಎಂದರು. ಅದಕ್ಕೇ ಅವಳು ತಾನೇ ಇಳಿದಳು. ಮುಂದಿನ ಪುಟದಲ್ಲಿ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು, ತಲೆಯಿಂದ ನೀರು ಸೋರಿಸುತ್ತ ಮೆಟ್ಟಿಲು ಹತ್ತಿ ಬರುತ್ತಾಳೆ, ಬಂದವಳು ನೋಡಲು ನೆರೆದ ಇಡೀ ಓಣಿಯನ್ನು, ಗೌಡರನ್ನೂ ಸೇರಿಸಿ, ಒಂದೂವರೆ ಪುಟ ಬೈಯುತ್ತಾಳೆ. ಒಂದೂವರೆ ಪುಟ. ತಾವು ಶತಮಾನಗಳ ಮೌನವೆಂದು ಕರೆದದ್ದು ಇದನ್ನೇ. ನನ್ನ ಅವ್ವನಿಗೆ ಆ ಬೈಗುಳ ಬಾಯಿಪಾಠ. ಪಾತ್ರೆ ತಿಕ್ಕುವಾಗ ಹೇಳಿಕೊಳ್ಳುತ್ತಾಳೆ, ಅಪ್ಪ ಪೇಪರು ಮಡಚಿ ಮೆಲ್ಲಗೆ ಹೊರಗೆ ಹೋಗುತ್ತಾರೆ.

ಕಳೆದ ವರ್ಷ ಪರೀಕ್ಷೆಯಲ್ಲಿ ಸಾತವ್ವನ ದುರಂತ ಅಂತ್ಯವನ್ನು ವಿಮರ್ಶಿಸಿ ಎಂದು ಕೇಳಿದ್ದರು. ನಾನು ಓದಿದ್ದನ್ನು ಬರೆದೆ. ಮೂರು ಅಂಕ ಸಾಲದೆ ಫೇಲಾದೆ. ಕಳಮೇಶ್ವರದ ಹೊಸ ಕಾಲೇಜಿನಲ್ಲಿ ನನ್ನ ಫಲಿತಾಂಶಕ್ಕಾಗಿ ಕಾದಿದ್ದ ಉಪನ್ಯಾಸಕಿಯ ಕೆಲಸ, ಸಾತವ್ವನನ್ನು ಚೊಕ್ಕವಾಗಿ ಮುಳುಗಿಸಿದ ನನ್ನ ಪಕ್ಕದ ಬೆಂಚಿನವಳಿಗೆ ಹೋಯಿತು. ನಾನು ಅವ್ವನ ಕನ್ನಡ ಪುಸ್ತಕವನ್ನೇ ಹೊತ್ತುಕೊಂಡು ಘಾಟೆ ಸರ್ ಅವರ ಮನೆಗೆ ಹೋದೆ. ಅವರು ಪುಸ್ತಕವನ್ನು ತಿರುಗಿಸಿ ನೋಡಿ, ಚಹಾ ತರಿಸಿ, ಬಹಳ ಮಮತೆಯಿಂದ “ಬೇಟಿ, ಒರಿಜಿನಲ್ ಸಿಲಬಸ್ ಮೇ ನಹೀ ಹೈ” ಎಂದರು. ಆ ಉತ್ತರಕ್ಕೆ ಇಪ್ಪತ್ತಕ್ಕೆ ಎರಡು ಕೊಟ್ಟದ್ದು ಸ್ವತಃ ಅವರೇ ಎಂದೂ, ಆ ಎರಡು ನನ್ನ ಮುದ್ದಾದ ಕೈಬರಹಕ್ಕೆ ಎಂದೂ ತಿಳಿಸಿದರು. ಕಾದಂಬರಿ ಪಠ್ಯವಾಗಬಹುದು, ಆದರೆ ಅದನ್ನು ಬರೆದ ಭಾಷೆಗೆ ಒಳಗೆ ಪ್ರವೇಶವಿಲ್ಲ ಎಂಬ ಈ ವಿದ್ವತ್ತಿನ ಮುಂದೆ ನಾನು ಚಹಾ ಕುಡಿದು ಎದ್ದು ಬಂದೆ. ಅವ್ವ ಮಾತ್ರ ನಮ್ಮ ಮನೆಯ ಬಾಗಿಲಲ್ಲೇ, “ಮುಳುಗ್ಯಾಳಂತ ಯಾರ ಹೇಳಿದ್ರವರಿಗೆ? ಪುಸ್ತಕ ಓದ್ಯಾರೋ ಇಲ್ಲೋ?” ಎಂದು ಕೇಳಿದಳು.

ಈ ಕಾರಣ ನನ್ನ ಕೆಲವು ವಿನಮ್ರ ಬೇಡಿಕೆಗಳನ್ನು ಪರಿಶೀಲಿಸಬೇಕಾಗಿ ಪ್ರಾರ್ಥನೆ. ಸಾತವ್ವ ಸತ್ತಿದ್ದಾಳೆಂದು ವಿದ್ವತ್ ಮಂಡಲಿಯೇ ದೃಢಪಡಿಸಿರುವುದರಿಂದ, ಪಂಚರನ್ನು ಕೂಡಿಸಿ ಪಂಚನಾಮೆ ಮಾಡಿಸಿ, ಶವವನ್ನು ನಮ್ಮ ವಶಕ್ಕೆ ಕೊಡಬೇಕು. ಅವ್ವ ಹನ್ನೊಂದನೆಯ ದಿನದ ಅಡಿಗೆ ಮಾಡಲು ಸಿದ್ಧಳಿದ್ದಾಳೆ. ಅದು ಆಗದಿದ್ದರೆ ಆ ಹದಿನಾರು ಪುಟ ತಿಂದ ಗೆದ್ದಲನ್ನಾದರೂ ಹುಡುಕಿಸಿ ಇಲಾಖೆಗೆ ನೇಮಿಸಿಕೊಳ್ಳಬೇಕು, ಯಾಕೆಂದರೆ ಇಡೀ ವಿಶ್ವವಿದ್ಯಾಲಯದಲ್ಲಿ ಕಾದಂಬರಿಯ ಕೊನೆಯವರೆಗೂ ಹೋದದ್ದು ಅದೊಂದೇ.

ಇನ್ನು ನನ್ನ ತಪ್ಪೊಪ್ಪಿಗೆ. ಅಪ್ಪ ಬರುವ ದಸರೆಗೆ ನಿವೃತ್ತರಾಗುತ್ತಾರೆ, ಕ್ವಾರ್ಟರ್ಸ್ ಬಿಡಬೇಕು, ಇನ್ನೊಂದು ವರ್ಷ ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ. ಈ ಏಪ್ರಿಲ್‌ನಲ್ಲಿ ಅದೇ ಪ್ರಶ್ನೆ ಬಂತು. ತಮ್ಮ ನಾಲ್ಕು ಪುಟಗಳನ್ನು ಅಲ್ಪವಿರಾಮ ಬಿಡದೆ ಒಪ್ಪಿಸಿ, ನಾನು ನನ್ನ ಕೈಯಾರೆ ಸಾತವ್ವನನ್ನು ಮುಳುಗಿಸಿದೆ. ಆ ಪತ್ರಿಕೆಯಲ್ಲಿ ಅರವತ್ತೊಂದು ಬಂತು. ಪರೀಕ್ಷೆ ಬರೆದು ಮನೆಗೆ ಬಂದ ದಿನ ಅವ್ವ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸದೆ, “ಈ ಸಲ ಬೈಗಳಾ ಪೂರಾ ಬರದಿ ಇಲ್ಲೋ?” ಎಂದಳು. ಬರೆದೆ ಎಂದೆ. ಅವಳು ಇನ್ನೊಂದು ರೊಟ್ಟಿ ಹಾಕಿದಳು, ನಾನು ಅದನ್ನೂ ತಿಂದೆ. ತಮ್ಮ ಮೇಲೆ ನನಗಿರುವ ಸಿಟ್ಟು ಫೇಲಾದದ್ದಕ್ಕಲ್ಲ, ಪಾಸಾದದ್ದಕ್ಕೆ.

ನಂಬದೆ ಕೆಟ್ಟು, ನಂಬದೆಯೇ ಒಪ್ಪಿಸಿ ಉದ್ಧಾರವಾದ

ತಮ್ಮ ವಿಶ್ವಾಸಿ,
ತುಂಗಾ ರುದ್ರಪ್ಪ
ಎಂ.ಎ. (ಎರಡನೆಯ ಯತ್ನ)

ತಾ.ಕ.: ಒಂದು ಶುಭ ಸಮಾಚಾರ ಹೇಳುವುದು ಮರೆತೆ. ತಮ್ಮ ಶರೀರ ಶಿಥಿಲವಾಗಿರುವುದರಿಂದ ಹೊಸದಾಗಿ ಬರೆದುಕೊಡಬೇಕೆಂದು, ನನ್ನ ಕೈಬರಹ ಮೆಚ್ಚಿ, ಘಾಟೆ ಸರ್ ತಮ್ಮನ್ನು ನನಗೇ ಒಪ್ಪಿಸಿದರು. ಹೋದ ವಾರ ಸೈಕ್ಲೋಸ್ಟೈಲಿಗೆ ಸ್ಟೆನ್ಸಿಲ್ ಬರೆದು ಮುಗಿಸಿದೆ. ತಮ್ಮ ಆ ನಾಲ್ಕು ಪುಟಗಳಿದ್ದ ಜಾಗದಲ್ಲಿ ಸಾತವ್ವ ಕೊಡದ ಸಮೇತ ಮೇಲೆ ಬಂದಿದ್ದಾಳೆ. ಬೈಗುಳವನ್ನು ಒಂದು ಮಾತೂ ಬಿಡದೆ ಇಂಗ್ಲಿಷಿಗೆ ಇಳಿಸಿದ್ದೇನೆ, ಗೌಡರ ಪಾಲಿನದನ್ನೂ ಸೇರಿಸಿ. ಸರ್ ಪುಟಗಳನ್ನು ಎಣಿಸಿ “ಬರೋಬರ್” ಎಂದರು, ಓದಲಿಲ್ಲ. ಜೋಶಿಯ ಕಿಟಕಿಯನ್ನು ಮುಟ್ಟಿಲ್ಲ, ಪರಂಪರೆಗೆ ಕೈಹಾಕುವಷ್ಟು ಸೊಕ್ಕು ನನಗಿಲ್ಲ. ಇನ್ನು ಮೇಲೆ ಯಾರಾದರೂ ಅವಳು ಮುಳುಗಿದಳೆಂದು ಬರೆದರೆ ನೋಟ್ಸ್ ಓದಿಲ್ಲವೆಂದು ತಾವೇ ಅವರನ್ನು ಫೇಲು ಮಾಡುತ್ತೀರಿ. ಬೈಗುಳ ಬರೆದೆ ಎಂದು ಅವ್ವನಿಗೆ ನಾನು ಹೇಳಿದ್ದು ಸುಳ್ಳಾಗಿತ್ತು. ತಮ್ಮ ಕೃಪೆಯಿಂದ ಬರುವ ಏಪ್ರಿಲ್‌ನಲ್ಲಿ ಅದು ನಲವತ್ತೆರಡು ಮಂದಿಯ ಕೈಬರಹದಲ್ಲಿ ನಿಜವಾಗಲಿದೆ.