ನಮ್ಮ ಪ್ಯಾಟಿಯ ಕರಿಹಲಗೆ

ಸಾವಿನ ಸುದ್ದಿ ಬರೆಯುವವನಿಗೆ ನಗು ಬರಬಾರದು. ಆದರೆ ಮೂವತ್ತು ವರ್ಷ ಬರೆದವನಾಗಿ ಹೇಳುತ್ತೇನೆ, ನಗಬಾರದ ಜಾಗಕ್ಕೇ ಅದು ಹುಡುಕಿಕೊಂಡು ಬರುತ್ತದೆ. ಎದ್ದು ಹೋಗು ಅಂದರೂ ಹೋಗುವುದಿಲ್ಲ.

ಧಾರವಾಡದ ಹಳೇ ಪ್ಯಾಟಿಯ ಚೌಕದಲ್ಲಿ, ಪಾತ್ರೆ ಮಾರುವ ಭಾಂಡೆ ಅಂಗಡಿಯ ಹೊರಗೋಡೆಗೆ ಒಂದು ಕರಿಹಲಗೆ ಇತ್ತು. ನಮ್ಮ ಅಜ್ಜನ ಕಾಲದ ವರ್ತಕರು ಹಾಕಿಸಿದ್ದಂತೆ. ಆಗ ಅದರ ಮೇಲೆ ಹತ್ತಿ, ಜೋಳ, ಶೇಂಗಾದ ಧಾರಣೆ ಬರೆಯುತ್ತಿದ್ದರಂತೆ. ಮುಂದೆ ದೊಡ್ಡ ವ್ಯಾಪಾರವೆಲ್ಲ ಹುಬ್ಬಳ್ಳಿಯ ಕಡೆ ಸರಿದು ಹೋಯಿತು. ಹಲಗೆ ಖಾಲಿ ಇರಬಾರದೆಂದು ನಳ ಬರುವ ಹೊತ್ತು, ಭಜನೆ, ಕಳೆದುಹೋದ ಆಕಳು, ಕಡೆಗೆ ತೀರಿಕೊಂಡವರ ಹೆಸರು ಬರತೊಡಗಿದವು. ನಾನು ಸಾಲಿಯಲ್ಲಿ ಡ್ರಾಯಿಂಗ್ ಮಾಸ್ತರ. ಅಕ್ಷರ ದುಂಡಗಿವೆ ಎಂಬ ಒಂದೇ ತಪ್ಪಿಗೆ ಸೀಮೆಸುಣ್ಣ ನನ್ನ ಕೈಗೆ ಬಂತು. ನೌಕರಿಯಿಂದ ನಿವೃತ್ತನಾದೆ, ಹಲಗೆಯಿಂದ ಆಗಲಿಲ್ಲ.

ಈಗ ಸುದ್ದಿ ಮೊದಲು ಮೊಬೈಲಿಗೆ ಬರುತ್ತದೆ, ಖರೆ. ಆದರೂ ಹಲಗೆಯ ಮೇಲೆ ಬರೆಯುವ ತನಕ ನಮ್ಮ ಪ್ಯಾಟಿಯಲ್ಲಿ ಯಾರೂ ಪೂರ್ತಿ ಸಾಯುವುದಿಲ್ಲ.

ಒಂದೇ ಹೆಸರಿನ ಇಬ್ಬರು

ಒಂದು ಮುಂಜಾನೆ ಸೈಕಲ್ ಮೇಲೆ ಹೋಗುತ್ತಿದ್ದವನೊಬ್ಬ ಒಂದು ಹೆಸರು ಕೂಗಿ, "ಹೋದ್ರಂತ ನೋಡ್ರಿ ಮಾಸ್ತರ" ಎಂದ. ಆ ಹೆಸರು, ಆ ಅಡ್ಡಹೆಸರು ನಮ್ಮ ಅರಿವೆ ಅಂಗಡಿಯ ಕಾಕಾನದು. ನಾನು ಹಿಂದೆಮುಂದೆ ವಿಚಾರಿಸದೆ 'ಅರಿವೆಯ ವ್ಯಾಪಾರಸ್ಥರು' ಎಂದೂ ಸೇರಿಸಿ ದೊಡ್ಡದಾಗಿ ಬರೆದುಬಿಟ್ಟೆ. ಸೀಮೆಸುಣ್ಣ ಒಳಗಿಟ್ಟು ತಿರುಗಿ ನೋಡಿದರೆ ಕಾಕಾ ಛತ್ರಿ ಹಿಡಿದುಕೊಂಡು ಹಲಗೆಯ ಮುಂದೆ ನಿಂತಿದ್ದಾರೆ.

"ಅಕ್ಷರ ಭಾಳ ಛಲೋ ಬಂದಾವ್ರಿ ಮಾಸ್ತರ."

ನಾನು ಒರಸುವ ಬಟ್ಟೆಗೆ ಕೈಹಾಕಿದೆ. "ತಪ್ಪಾತ್ರಿ ಕಾಕಾ, ಈಗ ಅಳಸತೇನಿ."

"ತಡೀರಿ. ಮಧ್ಯಾಹ್ನದ ತನಕಾ ಇರ್ಲಿ."

"ಯಾಕ್ರಿ?"

"ಎದರಿನ ಅಂಗಡಿ ಶಟರ್ ಇಳೀತದೋ ಇಲ್ಲೋ, ನೋಡೂಣು."

ಎದುರಿನದು ಅವರ ತಮ್ಮನ ಅಂಗಡಿ. ಹಂಚಿಕೆಯ ಜಗಳವಾಗಿ ಹನ್ನೊಂದು ವರ್ಷ, ಇಬ್ಬರೂ ದಿನವಿಡೀ ಎದುರುಬದುರು ಕೂಡುತ್ತಿದ್ದರು, ಮಾತಿಲ್ಲ. ಕಾಕಾ ಭಾಂಡೆ ಅಂಗಡಿಯ ಹಂಡೆಗಳ ಹಿಂದೆ ಕುಳಿತರು. ನಾನೂ ಅವರ ಪಕ್ಕದಲ್ಲಿ ಕುಳಿತೆ.

ಒಂದು ತಾಸಿನ ಮೇಲೆ ತಮ್ಮ ತನ್ನ ಅಂಗಡಿಯಿಂದ ಎದ್ದು ಬಂದ. ಹಲಗೆ ಓದಿದ. ಮತ್ತೊಮ್ಮೆ ಓದಿದ. ಅಂಗಡಿಯಲ್ಲಿದ್ದ ಗಿರಾಕಿಗಳನ್ನು ಹೊರಗೆ ಕಳಿಸಿ ಶಟರ್ ಎಳೆದವನು ಕೀಲಿ ಹಾಕುವುದನ್ನೂ ಮರೆತು ಅಣ್ಣನ ಮನೆಯ ಕಡೆ ಓಡಿದ.

ಹಂಡೆಯ ಹಿಂದೆ ಕಾಕಾ ಧೋತರದ ಚುಂಗಿನಿಂದ ಮುಖ ಮುಚ್ಚಿಕೊಂಡಿದ್ದರು. "ಚಪ್ಪಲ್ ಬಿಟ್ಟ ಓಡ್ಯಾನ ನೋಡ್ರಿ. ಕಾಲ ಸುಡತಾವಲ್ಲೋ ಹುಚ್ಚಾ," ಎಂದು ಅಳುತ್ತಿದ್ದರು. ಆಮೇಲೆ ಆ ಚಪ್ಪಲಿ ಎತ್ತಿಕೊಂಡು ತಾವೂ ಮನೆಗೆ ಹೋದರು.

ಬದುಕಿದ್ದ ಅಣ್ಣನನ್ನು ಕಂಡ ತಮ್ಮನಿಗೆ ಎಲ್ಲಿಲ್ಲದ ಸಿಟ್ಟು. "ಸತ್ತಿಲ್ಲಾ? ಹಂಗಾರ ನಾ ಯಾಕ ಅತ್ತೆ?" ಎಂದು ಶುರುಮಾಡಿದವನು ಸಂಜೆಯ ತನಕ ಬೈದ. ಹನ್ನೊಂದು ವರ್ಷದ ಮಾತು ಅಷ್ಟೂ ಆವತ್ತೇ ಬಂತು. ಕಾಕಾ ಚಪ್ಪಲಿ ತೊಡೆಯ ಮೇಲಿಟ್ಟುಕೊಂಡು ನಗುತ್ತ ಕೇಳಿದರಂತೆ.

ಖರೆ ಸತ್ತವರು ಅದೇ ಹೆಸರಿನ ಹೊಲಿಗೆಯವರು, ಹಿಂದಿನ ಓಣಿಯವರು. ಮಧ್ಯಾಹ್ನ 'ಅರಿವೆಯ ವ್ಯಾಪಾರಸ್ಥರು' ಎಂಬುದನ್ನು ಒರಸಿ 'ಹೊಲಿಗೆಯವರು' ಎಂದು ಬರೆದೆ. ಪಾಪ, ಅಷ್ಟು ಹೊತ್ತಿಗೆ ಪ್ಯಾಟಿಯವರ ಕಣ್ಣೀರೆಲ್ಲ ಅರಿವೆ ಅಂಗಡಿಗೇ ಖರ್ಚಾಗಿ ಹೋಗಿತ್ತು.

ಎರಡು ಚಾ

ಪ್ಯಾಟಿಯವರು ಯಾರಾದರೂ ತೀರಿಕೊಂಡರೆ ಎಲ್ಲ ಅಂಗಡಿಗಳ ಶಟರ್ ಅರ್ಧ ಇಳಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ವ್ಯಾಪಾರ ಪೂರ್ತಿ ನಿಲ್ಲುವುದಿಲ್ಲ. ಗಿರಾಕಿಗಳು ಬಗ್ಗಿ ಒಳಗೆ ಬರುತ್ತಾರೆ. ಸತ್ತವರಿಗೆ ನಮಸ್ಕಾರವೂ ಆಯಿತು, ಉಪ್ಪು ಎಣ್ಣೆಯೂ ಸಿಕ್ಕಿತು.

ಇಡೀ ಪ್ಯಾಟಿಯ ಶಟರ್ ಪೂರ್ತಿ ಇಳಿದದ್ದನ್ನು ನಾನು ನೋಡಿದ್ದು ಚಹಾದ ಅಂಗಡಿಯವರು ಹೋದಾಗ. ಮನುಷ್ಯ ಮಾತು ಕಡಿಮೆ. ಯಾರು ಸಕ್ಕರೆ ಬಿಟ್ಟಿದ್ದಾರೆ, ಯಾರ ಮನೆಯಲ್ಲಿ ಜಗಳವಾಗಿದೆ, ಯಾರಿಗೆ ಇವತ್ತು ಒಂದು ಕಪ್ಪು ಹೆಚ್ಚು ಬೇಕು, ಎಲ್ಲ ಮುಖ ನೋಡಿಯೇ ತಿಳಿಯುತ್ತಿದ್ದರು. ಅವರು ಹೋದ ಮುಂಜಾನೆ ಎಲ್ಲರೂ ಹಲಗೆಯ ಮುಂದೆ ಸೇರಿದೆವು. ಏನು ಬರೆಯಬೇಕೆಂದು ವಿಚಾರ ಮಾಡುತ್ತ ನಿಂತೆವು. ಕಡೆಗೆ ಕಿರಾಣಿ ಅಂಗಡಿಯವರು, ಮೂವತ್ತು ವರ್ಷದ ರೂಢಿ, ಗಂಟಲು ಸರಿಮಾಡಿಕೊಂಡು ಮುಚ್ಚಿದ ಚಹಾದ ಅಂಗಡಿಯ ಕಡೆ ತಿರುಗಿ ಕೂಗಿದರು:

"ಎರಡ ಚಾ ಕೊಡಪಾ! ತಲಿ ಓಡವಲ್ದು."

ಕಿರಾಣಿಯವರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಆಗ ಹಿಂದಿನಿಂದ ಯಾರೋ ಮೆಲ್ಲಗೆ ಅಂದರು:

"ನನಗೊಂದ ಸೇರಿಸಿ ಹೇಳ್ರಿ."

ನಕ್ಕೆವು. ಗೋಡೆ ಹಿಡಿದುಕೊಂಡು ನಕ್ಕೆವು. ಮುಗಿದಾಗ ಎಲ್ಲರ ಮುಖ ಒದ್ದೆಯಾಗಿತ್ತು. ಆವತ್ತು ಯಾರೂ ಚಾ ಕುಡಿಯಲಿಲ್ಲ.

ದಾಖಲೆ

ರಸ್ತೆ ಅಗಲ ಮಾಡುವವರು ಬಂದು ಭಾಂಡೆ ಅಂಗಡಿಯ ಗೋಡೆಯ ಮೇಲೆ ಕೆಂಪು ಗೀಟು ಎಳೆದು ಹೋದರು. ಗೋಡೆ ಒಡೆಯುವುದೆಂದಾಯಿತು. ನಾವು ಐದಾರು ಮಂದಿ ಅರ್ಜಿ ಹಿಡಿದು ಪಾಲಿಕೆಯ ಕಚೇರಿಗೆ ಹೋದೆವು: ಪ್ಯಾಟಿಯ ಇತಿಹಾಸವೇ ಈ ಹಲಗೆಯ ಮೇಲೆ ಇದೆ, ಗೋಡೆ ಉಳಿಸಿ ಅಂತ.

ಅಲ್ಲಿದ್ದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸಮಾಧಾನದಿಂದ ಕೇಳಿಸಿಕೊಂಡಳು. "ಇತಿಹಾಸಕ್ಕ ದಾಖಲಿ ಏನರ ಅದಾವೇನ್ರಿ ಸರ್?"

"ಎಲ್ಲಾ ಬರದೇವ್ರಿ. ಒಂದ ದಿನಾನೂ ಬಿಟ್ಟಿಲ್ಲ."

"ಹಂಗಾರ ತೋರಿಸ್ರಿ."

ಕಡೆಗೆ ನಾನೇ ಹೇಳಬೇಕಾಯಿತು: "ಮರುದಿನಾ ಒರಸತೇವಲ್ಲರಿ."

ಗೋಡೆ ಹೋಯಿತು. ಹಲಗೆಯನ್ನು ಕಿರಾಣಿ ಅಂಗಡಿಯ ಗೋಡೆಗೆ ಹಾಕಿದೆವು. ಒಡೆಯುವ ದಿನ ಹಲಗೆಯ ಮೇಲೆ 'ನಿಧನ: ಭಾಂಡೆ ಅಂಗಡಿಯ ಗೋಡೆ' ಎಂದು ಬರೆದೆ. ಭಾಂಡೆ ಅಂಗಡಿಯವರು ಓಡಿಬಂದು ಕೈ ಮುಗಿದರು. "ಮಾಸ್ತರ, ಗೋಡಿ ಅನ್ನೂದನ್ನ ಸ್ವಲ್ಪ ದೊಡ್ಡದಾಗಿ ಬರೀರಿ. ಮೊಬೈಲಿನ್ಯಾಗ ಫೋಟೊ ನೋಡಿ ಬೀಗರು ಬೆಳಗಾವಿಯಿಂದ ಹೊಂಟ ನಿಂತಾರ."

ವೈನಿ

ಹೋದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ನಾಲ್ಕು ದಿನದ ಜ್ವರ, ಅಷ್ಟೇ.

ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಅನ್ನುತ್ತಾರೆ. ನಾನು ಹಲಗೆಯ ಮೇಲೆ ಒಬ್ಬರ ಹೆಸರು ಬರೆದು ಮುಗಿಸುವುದರೊಳಗೆ ನನ್ನಾಕೆ ಆ ಮನೆಗೆ ಅನ್ನ ಸಾರು ಹೊತ್ತುಕೊಂಡು ಹೋಗಿರುತ್ತಿದ್ದಳು. ಯಾವ ಮನೆ, ಯಾವ ಜಾತಿ ಎಂದು ಕೇಳಿದವಳಲ್ಲ. ಹಾಗಾಗಿ ಪ್ಯಾಟಿಗೆಲ್ಲ ಅವಳು ವೈನಿ. ಹಿರಿಯರಿಗೂ ವೈನಿ, ಮೊಮ್ಮಕ್ಕಳಿಗೂ ವೈನಿ.

ಅವಳ ಸುದ್ದಿ ಬರೆಯಲು ನಾನೇ ಎದ್ದೆ. "ಇವತ್ತ ನೀವು ಬ್ಯಾಡ್ರಿ ಮಾಸ್ತರ" ಎಂದು ಭಾಂಡೆ ಅಂಗಡಿಯವರು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ಹೋದರು. ಮುಂದಿನದನ್ನೆಲ್ಲ ನನಗೆ ಆಮೇಲೆ ಹೇಳಿದರು.

ಹಲಗೆಯ ಮುಂದೆ ನಿಂತಾಗ ತಿಳಿಯಿತಂತೆ, ಯಾರಿಗೂ ಅವಳ ಹೆಸರೇ ಗೊತ್ತಿಲ್ಲ.

"ಶಾರದಾ ಇರಬೇಕ್ರಿ," ಎಂದರು ಭಾಂಡೆಯವರು.

"ಅಲ್ಲ, ಸಾವಿತ್ರಿ," ಎಂದರು ಕಿರಾಣಿಯವರು.

"ನಿಮಗ ಹೆಂಗ ಗೊತ್ತ?"

"ಮಾರಿ ನೋಡಿದ್ರ ಹಂಗ ಅನಸತಿತ್ತು."

ನನ್ನನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮಗಳು ಗೋಪನಕೊಪ್ಪದಿಂದ ಇನ್ನೂ ದಾರಿಯಲ್ಲಿದ್ದಳು. ಕಡೆಗೆ ಭಾಂಡೆಯವರು ಬರೆದರು: 'ನಮ್ಮ ವೈನಿ ಹೋದರು. ಮಧ್ಯಾಹ್ನ ಎರಡಕ್ಕೆ ಒಯ್ಯುತ್ತಾರೆ.' ಯಾರೋ ಅದರ ಫೋಟೊ ತೆಗೆದು ಮೊಬೈಲಿನಲ್ಲಿ ಎಲ್ಲರಿಗೂ ಕಳಿಸಿದರು.

ಪ್ಯಾಟಿಯ ಪ್ರತಿಯೊಂದು ಮನೆಯಲ್ಲಿಯೂ ಒಬ್ಬ ವೈನಿ ಇದ್ದೇ ಇರುತ್ತಾಳೆ. ಆ ಮುಂಜಾನೆ ಗಂಡಸರೆಲ್ಲ ಅಂಗಡಿ ಬಿಟ್ಟು ತಮ್ಮ ತಮ್ಮ ಮನೆಗೆ ಓಡಿದರು. ವರ್ಷಗಟ್ಟಲೆ ಮಾತಾಡಿಸದ ಮೈದುನರು ಫೋನ್ ಮಾಡಿ, "ವೈನಿ, ಅರಾಮ ಅದೀರೇನ್ರಿ?" ಎಂದು ಕೇಳಿ, ಹೌದು ಅಂದಕೂಡಲೇ ಫೋನ್ ಇಟ್ಟರು. ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದವನೊಬ್ಬ ರಜೆ ಹಾಕಿ, ದೊಡ್ಡ ಸೇವಂತಿಗೆ ಮಾಲೆ ಹಿಡಿದು ಬಂದರೆ ಅವನ ವೈನಿ ಕಟ್ಟೆಯ ಮೇಲೆ ಶ್ಯಾವಿಗೆ ಒಣಹಾಕುತ್ತಿದ್ದಾಳೆ.

"ಮಾಲಿ ಯಾರಿಗೋ?"

"ನಿಮಗ... ಅಲ್ರಿ... ನೀವು..."

ಆಕೆ ಹಲಗೆಯ ಸುದ್ದಿ ಆಗಲೇ ಕೇಳಿದ್ದಳು. ನಗುತ್ತ, ಸೆರಗಿನಿಂದ ಕಣ್ಣೊರಸಿಕೊಳ್ಳುತ್ತ, "ತಾ ಇಲ್ಲೆ. ಇದು ಯಾರಿಗೆ ಅಂತ ನನಗ ಗೊತ್ತದ" ಎಂದು ಮಾಲೆಯನ್ನೂ ಮೈದುನನನ್ನೂ ನಮ್ಮ ಮನೆಗೆ ಕರೆತಂದಳು. ಹೀಗೆ ತಮ್ಮ ವೈನಿ ಇದ್ದಾಳೆಂದು ಕಣ್ಣಾರೆ ನೋಡಿಕೊಂಡವರೆಲ್ಲ ಆಮೇಲೆ ನಮ್ಮ ಬಾಗಿಲಿಗೆ ಬಂದರು. ಅಂಗಳ ಸಾಲಲಿಲ್ಲ.

ಮೂರನೆಯ ದಿನ ಮಗಳು ಹೇಳಿದಳು, "ಅಪ್ಪಾ, ಹಲಗಿ ಮ್ಯಾಲೆ ಅವ್ವನ ಹೆಸರ ಇಲ್ಲ. ನೀವ ಬರೀರಿ."

ಯಾವ ಹೆಸರು? ಮದುವೆಯಲ್ಲಿ ನಮ್ಮ ಮನೆಯವರು ಸುಮತಿ ಎಂದು ಇಟ್ಟಿದ್ದರು. ಕಾಗದಪತ್ರದಲ್ಲೆಲ್ಲ ಅದೇ. ನಾನಂತೂ "ಏ, ಇಲ್ಲೆ ಕೇಳು" ಎಂಬುದರಲ್ಲಿಯೇ ನಲವತ್ತೊಂದು ವರ್ಷ ಕಳೆದೆ. ತವರಿನ ಹೆಸರು ಚಂಪಾ. ಅವಳ ತಾಯಿ ಬಂದಾಗ ಆ ಹೆಸರು ಕೂಗಿದರೆ, ಒಳಗೆ ಒಲೆಯ ಮುಂದಿದ್ದವಳು ಓಡಿಬರುತ್ತಿದ್ದ ರೀತಿಯೇ ಬೇರೆ ಇರುತ್ತಿತ್ತು. ತಾಯಿ ಹೋದ ಮೇಲೆ ಆ ಹೆಸರು ಕೂಗುವವರು ಯಾರೂ ಉಳಿಯಲಿಲ್ಲ. ನನಗೂ ಕೂಗಬೇಕೆಂದು ಹೊಳೆಯಲಿಲ್ಲ.

ಮೂರು ದಿನದಿಂದ ಯಾರೂ ಒರಸದ ಹಲಗೆಯನ್ನು ಹೋಗಿ ಒರಸಿ, ದುಂಡಗೆ ಬರೆದೆ.

ಹಲಗೆಯ ಕೆಳಗೆ ಕೆಲಗೇರಿಯಿಂದ ಮೆಂತ್ಯದ ಸೊಪ್ಪು ತಂದು ಮಾರುವ ಮುದುಕಿ ಕುಳಿತಿದ್ದಳು. ನನ್ನಾಕೆ ದಿನಾ ಅವಳ ಹತ್ತಿರವೇ ಕೊಳ್ಳುತ್ತಿದ್ದಳು, ಸೊಪ್ಪಿಗಿಂತ ಮಾತು ಹೆಚ್ಚು. ಮುದುಕಿಗೆ ಓದಲು ಬಾರದು.

"ಏನ ಬರದ್ರಿ ಮಾಸ್ತರ?"

"ಹೆಸರವಾ. ಚಂಪಾ." ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲ ಸಲ.

ಮುದುಕಿ ಕೈಯಲ್ಲಿದ್ದ ಮೆಂತ್ಯದ ಸೂಡು ಕೆಳಗಿಟ್ಟಳು. "ಅಯ್ಯ ಶಿವನ, ಅವರೂ ಹೋದ್ರ? ಯಾರ ಪೈಕಿರಿ?"

"ನಮ್ಮ ಪೈಕಿನವಾ."

"ಸಣ್ಣ ವಯಸ್ಸೇನ್ರಿ?"

"ನಾ ಮೊದಲ ಸಲಾ ನೋಡಿದಾಗ ಹತ್ತೊಂಬತ್ತು."

ಮುದುಕಿ ನನ್ನ ಕೈ ತಟ್ಟಿ ಸಮಾಧಾನ ಹೇಳಿದಳು:

"ಇರ್ಲಿ ಬಿಡ್ರಿ, ಅಳಬ್ಯಾಡ್ರಿ. ನಮ್ಮ ವೈನಿ ಒಬ್ಬರ ಎಲ್ಲೂ ಹೋದವರಲ್ಲ. ಪಾಪ, ದಾರ್ಯಾಗ ಇವರದೊಂದು ಜೋಡಿ ಆತು."