ಹೆಸರಿಲ್ಲದ ಹದಿನಾಲ್ಕು ಸಾಲು

ಹೆಂಡತಿಯ ಹೆಸರು ಹೇಳದೆ, ಹೊಸ್ತಿಲಿಗೆ ಅಡ್ಡ ಕುಳಿತ ಹೆಂಗಸರನ್ನು ದಾಟಿ ಒಳಗೆ ಹೋದ ಮದುಮಗ ನಾಗನೂರಿನಲ್ಲಿ ಇನ್ನೂ ಹುಟ್ಟಿಲ್ಲ. ಗಂಡ ಹೆಂಡತಿ ಪ್ರಾಸದ ಒಡಪು ಕಟ್ಟಿ ಒಬ್ಬರ ಹೆಸರನ್ನೊಬ್ಬರು ಹೇಳಬೇಕು, ಆಮೇಲೆಯೇ ಮನೆಯೊಳಗೆ ಕಾಲು. ಗೋಕಾಕದಲ್ಲಿ ಕಾಲೇಜು ಹುಡುಗರಿಗೆ ಇಂಗ್ಲಿಷ್ ಕಲಿಸುವ ಕಾಶಿನಾಥನಿಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ಎಲ್ಲರಂತೆ ತಾಟು, ಹೋಳಿಗೆ, ತುಪ್ಪ ಅಂತ ಶುರುಮಾಡಿದರೆ ಕಲಿತ ವಿದ್ಯೆಗೆ ಬೆಲೆಯೇನು? ಬೆಲ್ಲದ ಬಾಗೇವಾಡಿಯಿಂದ ಮದುವೆಯಾಗಿ ಬಂದ ರಾಧಿಕಾಳ ಮನಸ್ಸನ್ನು ಹೊಸ್ತಿಲ ಮೇಲೆಯೇ ಗೆಲ್ಲಬೇಕೆಂಬುದು ಅವನ ಹಟ.

ಎದೆ ಸೆಟೆಸಿ, ಇಂಗ್ಲಿಷಿನ ಹೆಸರಾಂತ ಪ್ರೇಮದ ಸಾನೆಟ್ಟೊಂದರ ಹದಿನಾಲ್ಕೂ ಸಾಲನ್ನು ತಡವರಿಸದೆ ಹೇಳಿ ಮುಗಿಸಿದ. ಹೆಂಗಸರು ಕರೆಂಟು ಹೋದ ಗಿರಣಿಯ ಮುಂದೆ ಹಿಟ್ಟಿಗೆ ಕೂತವರಂತೆ ಸುಮ್ಮನೆ ಕಾದರು.

"ಮುಗೀತೇನಪಾ?" ಎಂದಳು ಅಜ್ಜಿ ಲಕ್ಕವ್ವ. "ಹುಡುಗಿ ಹೆಸರ ಬರಲಿಲ್ಲಲ್ಲೊ."

ಕಾಶಿನಾಥ ಪಾಠಕ್ಕೇ ನಿಂತುಬಿಟ್ಟ. ನೂರಾರು ವರ್ಷಗಳಿಂದ ಸಾಹಿತ್ಯದಲ್ಲಿ ಇದಕ್ಕೆ ಪಟ್ಟದ ಜಾಗ, ಲೋಕದ ಕಾಲೇಜುಗಳಲ್ಲೆಲ್ಲ ಇದೇ ಪಾಠ, ಇದರಲ್ಲಿ ಕವಿ ತನ್ನ ಪ್ರೀತಿಯವಳನ್ನು ಅಮರ ಮಾಡಿದ್ದಾನೆ ಎಂದೆಲ್ಲ ಬಿಡಿಸಿ ಹೇಳಿದ.

"ಅಮರ ಆದಾಕಿ ಹೆಸರೇನ?"

"ಅದು ಯಾರಿಗೂ ಗೊತ್ತಿಲ್ಲಬೇ. ಪಂಡಿತರು ಇನ್ನೂ ಹುಡುಕಾಕತ್ತಾರ."

ಹೆಸರು ಮುಚ್ಚಿಟ್ಟಿದ್ದಾನೆಂದರೆ ಅವಳು ಮತ್ತೊಬ್ಬನ ಹೆಂಡತಿಯೇ ಇರಬೇಕು ಎಂದು ಬಾಜೂ ಮನೆಯ ಶೆಟ್ಟೆಪ್ಪ ತೀರ್ಪು ಕೊಟ್ಟ. ಅಲ್ಲಿಂದ ಮಾತು ಒಡ್ಡು ಒಡೆದ ನೀರಿನಂತೆ ಹರಿಯಿತು. ಇಷ್ಟುದ್ದದ್ದು ಬಾಯಿಪಾಠ ಆಗಬೇಕಾದರೆ ಇಷ್ಟು ದಿನ ಯಾರ ಮುಂದೆ ಹೇಳುತ್ತಿದ್ದಿ ಎಂದು ಅತ್ತಿಗೆ ಲಕ್ಷ್ಮೀ ಕೇಳಿದಳು. ಕ್ಲಾಸಿನಲ್ಲಿ ಎಂದ. ಕ್ಲಾಸಿನಲ್ಲಿ ಯಾರಿರುತ್ತಾರೆ ಎಂದು ಕೇಳಿದರೆ, ಹುಡುಗಿಯರೇ ಜಾಸ್ತಿ ಎಂದು ಪ್ರಾಮಾಣಿಕವಾಗಿ ಹೇಳಿಬಿಟ್ಟ. ಲಕ್ಕವ್ವ ಆರತಿಯ ತಾಟು ಕೆಳಗಿಟ್ಟಳು.

ಆದರೂ ಕಾಶಿನಾಥನ ಧೈರ್ಯ ಕುಂದಲಿಲ್ಲ. ಪಕ್ಕದಲ್ಲಿ ನಿಂತವಳು ಡಿಗ್ರಿ ಓದಿದವಳು. "ರಾಧಿಕಾ, ಇದರ ಕಿಮ್ಮತ್ತ ಏನಂತ ನೀನರ ಹೇಳ ಇವರಿಗೆ" ಎಂದ.

ರಾಧಿಕಾ ಸೆರಗು ಸರಿಮಾಡಿಕೊಂಡಳು. "ನನಗೂ ಇದು ಬಾಯಿಪಾಠ ಐತ್ರಿ ಅಜ್ಜಿ. ನನ್ನ ನೋಡಾಕ ಬಂದ ಮೂಡಲಗಿ ಹುಡುಗ ಮಾಳಿಗಿ ಮ್ಯಾಲ ನಿಂತು ಇದನ್ನ ಹೇಳಿದ್ದ. ಹುಕ್ಕೇರಿ ಹುಡುಗ ಮೊಬೈಲಿಗೆ ಕಳಿಸಿದ್ದ. ಹೆಸರ ಇಲ್ಲಲ್ರಿ, ಯಾರಿಗೆ ಹೇಳಿದ್ರೂ ನಡೀತೈತಿ. ಇಬ್ಬರನ್ನೂ ಒಲ್ಲೆ ಅಂದೆ."

"ಮತ್ತ ನನ್ನ ಯಾಕ ಒಪ್ಪಿದಿ?" ಕಾಶಿನಾಥನ ದನಿ ಬಾವಿಯ ತಳದಿಂದ ಬಂತು.

"ನೋಡಾಕ ಬಂದಾಗ ನೀವು ಬಾಯಿನ ಬಿಡಲಿಲ್ಲಲ್ರಿ."

ಹೆಂಗಸರು ನಗುತ್ತಿದ್ದಂತೆಯೇ ಅವಳು ತನ್ನ ಒಡಪು ಹೇಳಿದಳು: "ಬಾಗೇವಾಡಿ ಬೆಲ್ಲ, ನಾಗನೂರ ನೀರ, ಕಾಶಿನಾಥರ ಹೆಸರ ಹೇಳತೇನಿ, ದಾರಿ ಬಿಡ್ರಿ ಪೂರ."

ಆರತಿ ಎತ್ತಿ ಅವಳನ್ನು ಒಳಗೆ ಬಿಟ್ಟುಕೊಂಡ ಹೆಂಗಸರು ಮತ್ತೆ ಹೊಸ್ತಿಲಿಗೆ ಅಡ್ಡ ಕುಳಿತರು. ಕಾಶಿನಾಥ ಅಂಗಳದಲ್ಲೇ ಉಳಿದ. ಬಾಯಿ ಬಿಡದಿದ್ದರೆ ಅಜ್ಜಿ ಒಳಗೆ ಬಿಡುವುದಿಲ್ಲ. ಬಾಯಿ ಬಿಟ್ಟರೆ ಹೆಂಡತಿ ಒಲ್ಲೆ ಅಂದಾಳು.